ಟಿಎಫ್‌ಟಿಪಿ ದಾಖಲೆಗೇ ಪರೀಕ್ಷೆ: ಟಿಎಲ್‌ಎ ಪ್ಲಸ್, ಹೈಪೋಥಿಸಿಸ್, ಗ್ರಾಫ್‌ವಾಕರ್

ಸರ್ವರ್‌ನಲ್ಲಿ ಬಗ್ ಇದ್ದರೆ ಟೆಸ್ಟ್ ಬರೆದು ಹಿಡಿಯಬಹುದು. ಸರ್ವರ್ ಹೇಗೆ ನಡೆಯಬೇಕು ಎಂದು ಹೇಳುವ ದಾಖಲೆಯಲ್ಲೇ ಬಗ್ ಇದ್ದರೆ? ಕೋಡ್ ದಾಖಲೆ ಹೇಳಿದಂತೆಯೇ ನಡೆಯುತ್ತದೆ, ಟೆಸ್ಟೂ ಅದೇ ದಾಖಲೆ ನೋಡಿಯೇ ಬರೆದದ್ದು, ಎಲ್ಲ ಪಾಸ್. ಇಂಥ ಕಡೆ ಮಾಡೆಲ್ ಆಧಾರಿತ ಟೆಸ್ಟಿಂಗ್ (ನಿಯಮಗಳನ್ನೇ ಮಾದರಿಯಾಗಿ ಬರೆದು ಅದರಿಂದ ಪರೀಕ್ಷಿಸುವುದು) ಬಿಟ್ಟರೆ ಬೇರೆ ದಾರಿ ನನಗೆ ಕಂಡಿಲ್ಲ. ಯಾವ ಸಾಧನ ಈ ಕೆಲಸಕ್ಕೆ ಬರುತ್ತದೆ ಎಂದು ನೋಡಲು ಮೂರನ್ನು ಒಂದೇ ಪ್ರೊಟೊಕಾಲ್ ಮೇಲೆ ಓಡಿಸಿದೆ.

ಆರಿಸಿಕೊಂಡದ್ದು ಟಿಎಫ್‌ಟಿಪಿ, ಫೈಲ್ ಕಳಿಸುವ ತೀರಾ ಸರಳ ಪ್ರೊಟೊಕಾಲ್. ನೆಟ್‌ವರ್ಕ್ ಮೂಲಕ ಬೂಟ್ ಆಗುವ ಕಂಪ್ಯೂಟರ್‌ಗಳಲ್ಲಿ, ರೂಟರ್ ಫರ್ಮ್‌ವೇರ್ ಏರಿಸುವಲ್ಲಿ ಇಂದಿಗೂ ಬಳಕೆಯಲ್ಲಿದೆ. ಅದರ ನಿಯಮಗಳ ದಾಖಲೆ, 1992ರ ಆರ್‌ಎಫ್‌ಸಿ 1350, ಬರೀ 11 ಪುಟ. 512 ಬೈಟ್‌ನ ಒಂದು ಬ್ಲಾಕ್ ಕಳಿಸು, ಅದರ ಎಸಿಕೆ (ತಲುಪಿತೆಂಬ ಉತ್ತರ) ಬರಲಿ, ಮುಂದಿನದು ಕಳಿಸು, ಅಷ್ಟೇ. ಆದರೂ ಇದರ ಹಿಂದಿನ ಆವೃತ್ತಿಯಲ್ಲಿ, ಅಂದರೆ 1981ರ ಆರ್‌ಎಫ್‌ಸಿ 783ರಲ್ಲಿ, ದಾಖಲೆಯದೇ ಆದ ಹೆಸರಾಂತ ಬಗ್ ಇತ್ತು: ಸಾರ್ಸರರ್ಸ್ ಅಪ್ರೆಂಟಿಸ್ ಸಿಂಡ್ರೋಮ್. ಎಸಿಕೆ ಕಳೆದುಹೋಗದೆ ಬರೀ ತಡವಾದರೆ, ಕಳಿಸುವವನು ಟೈಮ್‌ಔಟ್ ಆಗಿ (ಕಾಯುವ ಅವಧಿ ಮುಗಿದು) ಅದೇ ಬ್ಲಾಕ್ ಮತ್ತೆ ಕಳಿಸುತ್ತಾನೆ. ಆ ಕಡೆಯಿಂದ ಎರಡು ಎಸಿಕೆ ಬರುತ್ತವೆ. ಎರಡಕ್ಕೂ ಮುಂದಿನ ಬ್ಲಾಕ್ ಹೋಗುತ್ತದೆ. ಅಲ್ಲಿಂದ ಕೊನೆಯವರೆಗೂ ಪ್ರತಿ ಪ್ಯಾಕೆಟ್ ಎರಡೆರಡು ಸಲ.

ಇದರಲ್ಲಿ ಗಮನಿಸಬೇಕಾದ್ದು, ಫೈಲ್ ಸರಿಯಾಗಿಯೇ ತಲುಪುತ್ತದೆ. ‘ಕಳಿಸಿದ್ದು, ಬಂದದ್ದು ಒಂದೇ ಇದೆಯೇ’ ಎಂದು ನೋಡುವ ಯಾವ ಟೆಸ್ಟಿಗೂ ಇದು ಸಿಕ್ಕುವುದಿಲ್ಲ.

ಮೊದಲು ಟಿಎಲ್‌ಎ ಪ್ಲಸ್. ಕಂಪ್ಯೂಟರ್ ವಿಜ್ಞಾನಿ ಲೆಸ್ಲಿ ಲ್ಯಾಂಪೋರ್ಟ್ ಅವರ ಭಾಷೆ, ಜೊತೆಗೆ ಟಿಎಲ್‌ಸಿ ಎಂಬ ಮಾಡೆಲ್ ಚೆಕರ್, ಅಂದರೆ ನಿಯಮಗಳಿಂದ ಆಗಬಹುದಾದ ಎಲ್ಲ ದಾರಿಗಳನ್ನೂ ಓಡಿಸಿ ನೋಡುವ ಸಾಧನ. ಇಲ್ಲಿ ಸರ್ವರ್ ಬೇಕಾಗಿಯೇ ಇಲ್ಲ, ದಾಖಲೆಯ ವಾಕ್ಯಗಳನ್ನೇ ನಿಯಮಗಳಾಗಿ ಬರೆಯಬೇಕು. ಮೂರು ಬ್ಲಾಕ್, ಒಂದು ಟೈಮ್‌ಔಟ್ ಸಾಕು. ನಾನಿಟ್ಟ ಷರತ್ತು: ಯಾವ ಬ್ಲಾಕೂ ‘ಒಂದು ಸಲ, ಜೊತೆಗೆ ಅದಕ್ಕಾಗಿ ಆದ ಟೈಮ್‌ಔಟ್‌ಗಳಷ್ಟು ಸಲ’ಕ್ಕಿಂತ ಹೆಚ್ಚು ಹೋಗಬಾರದು. ಹಳೆಯ ನಿಯಮಕ್ಕೆ ಟಿಎಲ್‌ಸಿ ತಕ್ಷಣ ಉತ್ತರ ಕೊಟ್ಟಿತು: ಎರಡನೇ ಬ್ಲಾಕ್ ಎರಡು ಸಲ ಹೋಗಿದೆ, ಅದಕ್ಕೆ ಆದ ಟೈಮ್‌ಔಟ್ ಸೊನ್ನೆ. ಅಲ್ಲಿಗೆ ತಲುಪಿದ ಹೆಜ್ಜೆಗಳೆಲ್ಲ ಸಾಲಾಗಿ ಕಣ್ಣೆದುರು. ಒಂದು ಎಚ್ಚರಿಕೆ: ದಾರಿಯಲ್ಲಿರುವ ಪ್ಯಾಕೆಟ್‌ಗಳನ್ನು ಸೆಟ್‌ನಲ್ಲಿಟ್ಟು, ತಲುಪಿದ ಕೂಡಲೇ ತೆಗೆದುಹಾಕುವಂತೆ ಬರೆದರೆ ಒಂದೇ ಥರದ ಎರಡು ಎಸಿಕೆಗಳು ಒಂದಾಗಿ ಕೆಲವು ದಾರಿಗಳಲ್ಲಿ ಬಗ್ ಮುಚ್ಚಿಹೋಗಬಹುದು. ಒಂದೇ ಥರದವು ಎಷ್ಟಿವೆ ಎಂದು ಎಣಿಸಿಡುವ ಬ್ಯಾಗ್ ಬಳಸಬೇಕು.

1350ರಲ್ಲಿ ಇದನ್ನು ಸರಿಪಡಿಸಿದ ಮಾತು ಒಂದು ಉದ್ದ ವಾಕ್ಯದ ಹೊಟ್ಟೆಯಲ್ಲಿದೆ: ಮರುಕಳಿಸಿದ ಎಸಿಕೆಗಳನ್ನು ಬಿಟ್ಟು ಉಳಿದವಕ್ಕೆ ಉತ್ತರ ಕೊಡಬೇಕು ಎಂದು. ಓದುವಾಗ ಕಣ್ಣು ಜಾರಿಹೋಗುತ್ತದೆ, ಮಾಡೆಲ್ ಬರೆಯುವಾಗ ಜಾರಲು ಬಿಡುವುದಿಲ್ಲ. ಹಾಗೆಯೇ ಕೊನೆಯ ಎಸಿಕೆ ಕಳಿಸಿದವನು ಸ್ವಲ್ಪ ಹೊತ್ತು ಕಾಯುವುದನ್ನು ದಾಖಲೆ ಪ್ರೋತ್ಸಾಹಿಸುತ್ತದೆ, ಕಡ್ಡಾಯ ಮಾಡುವುದಿಲ್ಲ. ಕಾಯದೆ ಹೋದರೆ, ಆ ಎಸಿಕೆಯೂ ಕಳೆದುಹೋದರೆ, ಫೈಲ್ ಪಡೆದವನಿಗೆ ಕೆಲಸ ಮುಗಿದಿದೆ, ಫೈಲ್ ಕಳಿಸಿದವನಿಗೆ ಸೋಲು. ಪ್ರೋತ್ಸಾಹ ಎಂಬುದನ್ನು ಮಾಡೆಲ್‌ನಲ್ಲಿ ಬರೆಯಲು ಬರುವುದಿಲ್ಲ. ಬೇಕು, ಬೇಡ, ಇಲ್ಲವೇ ಎರಡಕ್ಕೂ ಅವಕಾಶ, ಯಾವುದೆಂದು ನಿರ್ಧರಿಸಲೇಬೇಕು.

ಹೈಪೋಥಿಸಿಸ್ ಪೈಥಾನ್ ಲೈಬ್ರರಿ, ಹೀಗಾಗಿ ಕಲಿಯುವ ಹೊರೆ ತೀರಾ ಕಡಿಮೆ. ಅದರ ಸ್ಟೇಟ್ ಮೆಷಿನ್‌ನಲ್ಲಿ ನಿಯಮಗಳನ್ನು ಬರೆದು ನಿಜವಾದ ಸರ್ವರ್ ಮೇಲೆ ಬಿಟ್ಟರೆ ತಾನೇ ಹೆಜ್ಜೆಗಳನ್ನು ಹೆಣೆದು ಓಡಿಸುತ್ತದೆ, ಸೋತರೆ ಅದನ್ನು ಕಿರಿದು ಮಾಡಿ ತೋರಿಸುತ್ತದೆ. ಬೇರೆ ಪೋರ್ಟ್‌ನಿಂದ ಅಪರಿಚಿತ ಪ್ಯಾಕೆಟ್ ಬಂದರೆ ಕಳಿಸಿದವನಿಗೆ 5ನೇ ಎರರ್ ಕೊಟ್ಟು, ನಡೆಯುತ್ತಿರುವ ವರ್ಗಾವಣೆಗೆ ತೊಂದರೆ ಮಾಡಬಾರದು ಎನ್ನುತ್ತದೆ ದಾಖಲೆ. ನಾನು ಪರೀಕ್ಷಿಸಿದ ಒಂದು ಸರ್ವರ್ ಇಡೀ ವರ್ಗಾವಣೆಯನ್ನೇ ಕಡಿದುಹಾಕಿತು. ಟಿಎಲ್‌ಎ ಪ್ಲಸ್‌ಗೆ ಇದು ಎಂದಿಗೂ ಸಿಗುತ್ತಿರಲಿಲ್ಲ, ಅದು ಸರ್ವರ್ ಮುಖವನ್ನೇ ನೋಡುವುದಿಲ್ಲವಲ್ಲ. ಫೈಲ್ ಅಳತೆಗೆ ಮಾತ್ರ 511, 512, 513, 1024 ಎಂದು ನೀವೇ ಕೈಯಾರೆ ಕೊಡಿ. 512ರ ಸರಿಯಾದ ಗುಣಕವಾದರೆ ಕೊನೆಗೆ ಖಾಲಿ ಬ್ಲಾಕ್ ಒಂದು ಹೋಗಲೇಬೇಕು, ಅನೇಕರು ಎಡವುವ ಜಾಗ ಅದು. ಇದರ ದೊಡ್ಡ ತಲೆನೋವು ಟೈಮ್‌ಔಟ್. ನಿಜವಾದ ಗಡಿಯಾರ ಇಟ್ಟುಕೊಂಡರೆ ಟೆಸ್ಟ್ ಆಮೆನಡಿಗೆ, ಮೇಲಾಗಿ ಒಮ್ಮೆ ಸೋತದ್ದು ಇನ್ನೊಮ್ಮೆ ಸೋಲುವುದಿಲ್ಲ. ನಡುವೆ ಚಿಕ್ಕ ಯುಡಿಪಿ ಪ್ರಾಕ್ಸಿ, ಅಂದರೆ ಪ್ಯಾಕೆಟ್ ದಾಟಿಸುವ ಮಧ್ಯವರ್ತಿ, ಇಟ್ಟು ಪ್ಯಾಕೆಟ್ ತಡೆಯುವುದು, ಬಿಡುವುದು ನಮ್ಮ ಕೈಯಲ್ಲೇ ಇರುವಂತೆ ಮಾಡಿದ ಮೇಲೆ ಪರಿಸ್ಥಿತಿ ಸುಧಾರಿಸಿತು.

ಗ್ರಾಫ್‌ವಾಕರ್ ಬಗ್ಗೆ ಹೆಚ್ಚು ಹೇಳಲಿಕ್ಕಿಲ್ಲ. ಚಿತ್ರ ಬಿಡಿಸಿದಂತೆ ಮಾಡೆಲ್ ಬಿಡಿಸಬಹುದು, ಕೋಡ್ ಬರೆಯದವರಿಗೂ ಅರ್ಥವಾಗುತ್ತದೆ. ಲಾಗಿನ್, ಕಾರ್ಟ್, ಪೇಮೆಂಟ್ ಥರದ ಪರದೆಗಳಿಗೆ ಧಾರಾಳವಾಗಿ ಬಳಸಿ. ಆದರೆ ಎರಡು ಕಡೆಯವರು, ನಡುವೆ ದಾರಿಯಲ್ಲಿರುವ ಪ್ಯಾಕೆಟ್‌ಗಳು ಎಂದ ಕೂಡಲೇ ಚಿತ್ರ ಬಲೆಯಂತೆ ಹೆಣೆದುಕೊಂಡು ಓದಲಾಗದಂತಾಯಿತು. ಪ್ರೊಟೊಕಾಲ್‌ಗೆ ನಾನು ಮತ್ತೆ ತೆಗೆಯುವುದಿಲ್ಲ.

ಮೈಕ್ರೋಸಾಫ್ಟ್ 2008ರಲ್ಲಿ 30,000ಕ್ಕೂ ಹೆಚ್ಚು ಪುಟಗಳ ಪ್ರೊಟೊಕಾಲ್ ದಾಖಲೆ ಹೊರಗಿಟ್ಟಿತು. ಅಂಥ ದಾಖಲೆಗಳ ಪರೀಕ್ಷೆಗೆ ಅಲ್ಲಿ ಬಳಕೆಯಾದ ಸ್ಪೆಕ್ ಎಕ್ಸ್‌ಪ್ಲೋರರ್ ಎಂಬ ಸಾಧನ ಹಳೆಯ ವಿಷುವಲ್ ಸ್ಟುಡಿಯೋಗೆ ಅಂಟಿಕೊಂಡಿರುವುದರಿಂದ ಈ ಹೋಲಿಕೆಗೆ ಸೇರಿಸಿಲ್ಲ. ಆದರೆ ಅವರ ಒಂದು ರೂಢಿಯನ್ನು ಎತ್ತಿಕೊಂಡೆ: ದಾಖಲೆಯ ಪ್ರತಿ ನಿಯಮಕ್ಕೂ ಒಂದು ಸಂಖ್ಯೆ, ಯಾವ ಟೆಸ್ಟ್ ಯಾವ ಸಂಖ್ಯೆಯನ್ನು ಮುಟ್ಟಿತು ಎಂಬ ಲೆಕ್ಕ.

ದಾಖಲೆ ನಿಮ್ಮದೇ ಆಗಿದ್ದರೆ ಮೊದಲು ಟಿಎಲ್‌ಎ ಪ್ಲಸ್, ಆಮೇಲೆ ಅದೇ ನಿಯಮಗಳನ್ನು ಹೈಪೋಥಿಸಿಸ್‌ಗೆ ಇಳಿಸಿ. ಇನ್ನೊಬ್ಬರ ದಾಖಲೆ ನೋಡಿ ಸರ್ವರ್ ಕಟ್ಟುತ್ತಿದ್ದು ಸಮಯ ಕಡಿಮೆಯಿದ್ದರೆ ಹೈಪೋಥಿಸಿಸ್ ಒಂದೇ ಸಾಕು. ಆದರೂ ಬ್ಲಾಕ್ ಸಂಖ್ಯೆ 65535 ದಾಟಿದಾಗ, ಅಂದರೆ ಫೈಲ್ ಸುಮಾರು 32 ಎಂಬಿ ಮೀರಿದಾಗ, ಏನಾಗಬೇಕು ಎಂದು 1350 ಹೇಳುವುದೇ ಇಲ್ಲ. ಕೆಲವು ಸರ್ವರ್‌ಗಳು 0ಗೆ ಹೋಗುತ್ತವೆ, ಕೆಲವು 1ಕ್ಕೆ. ಟಿಎಲ್‌ಎ ಪ್ಲಸ್‌ನಲ್ಲಿ ಎರಡಕ್ಕೂ ಅವಕಾಶ ಕೊಟ್ಟು ಓಡಿಸಿದಾಗ, ಒಬ್ಬ 0, ಇನ್ನೊಬ್ಬ 1 ಎಂದುಕೊಂಡ ಜೋಡಿ ಅಲ್ಲೇ ನಿಂತುಬಿಟ್ಟಿತು. ನನ್ನ ಪಟ್ಟಿಯಲ್ಲಿ ಆ ಸಾಲಿನ ಎದುರು ನಿಯಮದ ಸಂಖ್ಯೆ ಖಾಲಿ ಇದೆ.