ಕಲಾಯಿ ಹಾಕಿಸುವ ಮೊದಲು ಆ ಕಡ್ಡಿಯನ್ನು ತೂಗಿ ನೋಡಿ

ಹಿತ್ತಾಳೆ ಪಾತ್ರೆಗೆ ಕಲಾಯಿ ಹಾಕಿಸುವವರು ದಯವಿಟ್ಟು ಇದನ್ನು ಪೂರ್ತಿ ಓದಿ. ನಮ್ಮ ಮನೆಯ ಪಾತ್ರೆಗೆ ತವರ ಎಂದು ಹೇಳಿ ಹಾಕಿದ್ದು ಹಳೆಯ ಸಾಲ್ಡರ್, ಅಂದರೆ ಬೆಸುಗೆಗೆ ಬಳಸುವ ತವರ-ಸೀಸದ ಮಿಶ್ರಣ. ಅದರಲ್ಲಿ ಅರ್ಧಕ್ಕಿಂತ ಜಾಸ್ತಿ ಸೀಸ ಇತ್ತು. ಆ ಪಾತ್ರೆಯಲ್ಲಿ ತಿಂಗಳುಗಟ್ಟಲೆ ಹುಣಸೆಹಣ್ಣಿನ ಸಾರು, ಟೊಮೆಟೊ ಗೊಜ್ಜು ಕುದಿದಿದೆ. ಅದನ್ನು ಉಂಡವರಲ್ಲಿ ಅಕ್ಕನ ಪುಟ್ಟ ಮಗುವೂ ಇದೆ.

ಹಿತ್ತಾಳೆಗೆ ಹುಳಿ ತಾಗಿದರೆ ಕಿಲುಬು ಬಿಡುತ್ತದೆ. ಅದಕ್ಕೇ ಒಳಗೆ ತವರದ ಲೇಪ. ಪಾತ್ರೆ ಕಾಯಿಸಿ, ನವಸಾಗರ ಉದುರಿಸಿ, ತವರದ ಕಡ್ಡಿ ತಾಗಿಸಿ, ಹತ್ತಿಯಿಂದ ಒರೆಸುತ್ತಾರೆ. ಅಪ್ಪಟ ತವರವಾದರೆ ಅಡುಗೆಗೆ ಏನೂ ತೊಂದರೆ ಇಲ್ಲ. ಆದರೆ ತವರದ ಬೆಲೆ ಸೀಸದ ಬೆಲೆಯ ಹತ್ತು ಪಟ್ಟಿಗಿಂತ ಜಾಸ್ತಿ. ಮೋಸ ಹುಟ್ಟುವುದು ಅಲ್ಲಿಂದಲೇ.

ನಮ್ಮ ಬೀದಿಗೆ ಬಂದಿದ್ದ ಕಲಾಯಿಯವನು ಅಮ್ಮನಿಗೆ ಹೇಳಿದ್ದು, "ಅಪ್ಪಟ ತವರ ಕಣಮ್ಮಾ, ಹೊಳಪು ನೋಡಿ." ಹೊಳಪೇನೋ ಇತ್ತು. ಹೊಸದಾಗಿ ಹಾಕಿದ ಯಾವ ಕಲಾಯಿಯಾದರೂ ಹೊಳೆಯುತ್ತದೆ, ಸೀಸ ಬೆರೆತಿದ್ದರೂ ಹೊಳೆಯುತ್ತದೆ. ಕೆಲವೇ ವಾರಗಳಲ್ಲಿ ಒಳಭಾಗ ಮಂಕಾಯಿತು. ತೊಳೆದು ಒಣಗಿಸಿದ ಮೇಲೂ ಬಿಳಿ ಬಟ್ಟೆಯಲ್ಲಿ ಒರೆಸಿದರೆ ಬೂದುಬಣ್ಣ ಹತ್ತುತ್ತಿತ್ತು. ದೊಡ್ಡ ಕೊಳಗಕ್ಕೆ ಆಮೇಲೆ ಬೇಕಾಗುತ್ತದೆ ಎಂದು ಅಮ್ಮ ಅವನಿಂದ ಒಂದು ಕಡ್ಡಿ ಕೊಂಡಿಟ್ಟಿದ್ದರು. ರೇಡಿಯೇಟರ್ ರಿಪೇರಿ ಮಾಡುವ ನಮ್ಮ ಭಾವ ಅದನ್ನು ಕೈಯಲ್ಲಿ ತೂಗಿ ನೋಡಿದ ಕೂಡಲೇ, "ಇದು ತವರದ ಭಾರ ಅಲ್ಲ ಕಣೋ, ನಮ್ಮ ಅಂಗಡಿಯ ಸಾಲ್ಡರ್ ಥರ ಇದೆ" ಅಂದರು.

ಹಾಗಾದರೆ ಅದರಲ್ಲಿ ಎಷ್ಟು ತವರ, ಎಷ್ಟು ಸೀಸ? ಇದನ್ನು ಮನೆಯಲ್ಲೇ ಅಂದಾಜು ಮಾಡಬಹುದು. ತವರದ ಸಾಂದ್ರತೆ, ಅಂದರೆ ಒಂದು ಘನ ಸೆಂಟಿಮೀಟರಿನ ತೂಕ, 7.3 ಗ್ರಾಂ, ಸೀಸದ್ದು 11.3. ಈ ಅಂತರ ಚಿಕ್ಕದಲ್ಲ. ಗ್ರಾಂನ ಹತ್ತನೇ ಒಂದು ಭಾಗ ತೋರಿಸುವ ತಕ್ಕಡಿ ಸಾಕು. ಮೊದಲು ಕಡ್ಡಿಯನ್ನು ಹಾಗೇ ತೂಗಿ. ಆಮೇಲೆ ಒಂದು ಲೋಟ ನೀರನ್ನು ತಕ್ಕಡಿ ಮೇಲಿಟ್ಟು ಸೊನ್ನೆ ಮಾಡಿಕೊಳ್ಳಿ. ಕಡ್ಡಿಗೆ ತೆಳುವಾದ ದಾರ ಕಟ್ಟಿ, ಪೂರ್ತಿ ಮುಳುಗುವಂತೆ ನೀರಿಗೆ ಇಳಿಬಿಡಿ. ತಳಕ್ಕೂ ಗೋಡೆಗೂ ತಾಗಬಾರದು, ಗಾಳಿಗುಳ್ಳೆ ಅಂಟಿರಬಾರದು. ಆಗ ತಕ್ಕಡಿ ತೋರಿಸುವ ಗ್ರಾಂ ಲೆಕ್ಕವೇ ಘನ ಸೆಂಟಿಮೀಟರಿನಲ್ಲಿ ಕಡ್ಡಿಯ ಗಾತ್ರ. ಮೊದಲಿನ ತೂಕವನ್ನು ಇದರಿಂದ ಭಾಗಿಸಿದರೆ ಸಾಂದ್ರತೆ ಸಿಗುತ್ತದೆ.

ನಮ್ಮ ಕಡ್ಡಿ 140 ಗ್ರಾಂ ಇತ್ತು. ಅಪ್ಪಟ ತವರವಾಗಿದ್ದರೆ ನೀರಿನಲ್ಲಿ 19.2 ಬರಬೇಕಿತ್ತು. ಬಂದದ್ದು 15.2. ಅಂದರೆ ಸಾಂದ್ರತೆ 9.2. ಲೆಕ್ಕ ಹೀಗಿದೆ: ತೂಕದಲ್ಲಿ 60 ಭಾಗ ತವರ, 40 ಭಾಗ ಸೀಸ ಇದ್ದರೆ ಸುಮಾರು 8.5. ಅರ್ಧರ್ಧ ಇದ್ದರೆ 8.9. 40 ಭಾಗ ತವರ, 60 ಭಾಗ ಸೀಸ ಇದ್ದರೆ 9.3. ನಮ್ಮದು ಈ ಕೊನೆಯದರ ಹತ್ತಿರ. ಆಮೇಲೆ ಲ್ಯಾಬ್‌ಗೆ ಕೊಟ್ಟಾಗ ಬಂದ ವರದಿಯಲ್ಲಿ ನೂರಕ್ಕೆ ಸೀಸ 58, ತವರ 41, ಉಳಿದದ್ದು ಆಂಟಿಮನಿ ಎಂಬ ಇನ್ನೊಂದು ಧಾತು. ಲೋಟ ನೀರಿನ ಲೆಕ್ಕ ಅಷ್ಟು ಹತ್ತಿರ ಬಂದಿತ್ತು.

ಒಂದು ಎಚ್ಚರ. ರೇಡಿಯೋ ರಿಪೇರಿಗೆ ಬಳಸುವ ತಂತಿ ಸಾಲ್ಡರ್ ಒಳಗೆ ರಾಳ ತುಂಬಿರುತ್ತದೆ. ಅದನ್ನು ಹಾಗೇ ತೂಗಿದರೆ ಸಾಂದ್ರತೆ ಕಡಿಮೆ ಬಂದು, ಸೀಸ ಕಡಿಮೆ ಇದೆ ಅನ್ನಿಸುತ್ತದೆ. ಎರಕ ಹೊಯ್ದ ಕಡ್ಡಿಯೊಳಗೆ ಗಾಳಿ ಸೇರಿದ್ದರೂ ಇದೇ ಗತಿ.

ಕರಗಿಸಿ ನೋಡುವವರೂ ಇದ್ದಾರೆ. ಅಪ್ಪಟ ತವರ 232 ಡಿಗ್ರಿಗೆ ಒಮ್ಮೆಲೇ ಕರಗುತ್ತದೆ. ಸೀಸ ಬೆರೆತ ಸಾಲ್ಡರ್ 183ಕ್ಕೇ ಮೆತ್ತಗಾಗಲು ಶುರುವಾಗುತ್ತದೆ. 40–60ರ ಮಿಶ್ರಣವಾದರೆ ಗಂಜಿಯ ಹಾಗೆ ಗಟ್ಟಿ-ನೀರು ಎರಡೂ ಆಗಿದ್ದು, 238ರ ಹೊತ್ತಿಗೆ ಪೂರ್ತಿ ನೀರಾಗುತ್ತದೆ. ಮೋಸ ಹೋಗುವುದು ಇಲ್ಲೇ: ಪೂರ್ತಿ ಕರಗಿದ್ದನ್ನಷ್ಟೇ ನೋಡಿದರೆ 232ಕ್ಕೂ 238ಕ್ಕೂ ವ್ಯತ್ಯಾಸ ಗೊತ್ತಾಗುವುದಿಲ್ಲ. ಕರಗಲು ಶುರುವಾಗುವುದು ಯಾವಾಗ ಎಂದು ನೋಡಬೇಕು. 200 ಡಿಗ್ರಿಯಲ್ಲೇ ಕುಸಿಯುವ ಕಡ್ಡಿ ಅಪ್ಪಟ ತವರ ಅಲ್ಲವೇ ಅಲ್ಲ. ಈ ಪರೀಕ್ಷೆ ಅಡುಗೆಮನೆಯಲ್ಲಿ ಬೇಡ, ಮಕ್ಕಳ ಹತ್ತಿರ ಬೇಡ, ಅಡುಗೆಯ ಸೌಟು ಬಾಣಲೆಯಲ್ಲಂತೂ ಬೇಡವೇ ಬೇಡ. ಮೇಲೆ ಕಟ್ಟುವ ಬೂದುಪುಡಿಯೂ ವಿಷವೇ.

ಕಾಗದದ ಮೇಲೆ ಗೀರಿ ನೋಡುವುದು, ಬಗ್ಗಿಸಿ ಕಿರ್ ಅನ್ನುತ್ತಾ ಎಂದು ಕಿವಿಗೊಡುವುದು, ಇವನ್ನು ನಂಬಿ ಕೂರಬೇಡಿ. ತವರ ಬಗ್ಗಿಸಿದಾಗ ಕಿರುಗುಟ್ಟುವುದು ನಿಜ. ಆದರೆ ತವರ ಜಾಸ್ತಿ ಇರುವ ಮಿಶ್ರಣವೂ ಸ್ವಲ್ಪ ಸದ್ದು ಮಾಡಬಹುದು. ಅಂಗಡಿಯಲ್ಲಿ ಸಿಗುವ ಸೀಸದ ಪರೀಕ್ಷಾ ಕಡ್ಡಿಗಳು ಬಣ್ಣ ಬದಲಿಸಿ ಸೀಸ ಇದೆ ಅನ್ನುತ್ತವೆ, ಎಷ್ಟು ಇದೆ ಅನ್ನುವುದಿಲ್ಲ. ಸರಿಯಾದ ಪ್ರಮಾಣ ಬೇಕಿದ್ದರೆ ಎನ್‌ಎಬಿಎಲ್ (ಲ್ಯಾಬ್‌ಗಳಿಗೆ ಮಾನ್ಯತೆ ಕೊಡುವ ರಾಷ್ಟ್ರೀಯ ಮಂಡಳಿ) ಮಾನ್ಯತೆ ಇರುವ ಲ್ಯಾಬ್‌ಗೆ ಕೊಡಿ. ಎಕ್ಸ್-ರೇ ಬಿಟ್ಟು ಯಾವ ಲೋಹ ಎಷ್ಟಿದೆ ಎಂದು ಅಳೆಯುವ ಎಕ್ಸ್‌ಆರ್‌ಎಫ್ ಯಂತ್ರ ಇದ್ದರೆ ಕಡ್ಡಿ ಕರಗಿಸದೆಯೇ ಹೇಳುತ್ತಾರೆ. ಚಿನ್ನ ಪರೀಕ್ಷಿಸುವ ಕಡೆಯೂ ಅಂಥದೇ ಯಂತ್ರ ಇರುತ್ತದೆ, ಆದರೆ ಅದನ್ನು ಚಿನ್ನಕ್ಕೆಂದೇ ಹೊಂದಿಸಿರುತ್ತಾರೆ. ತವರ-ಸೀಸಕ್ಕೆ ಸರಿಯಾದ ಲೆಕ್ಕ ಕೊಡುತ್ತದೆಯೇ ಎಂದು ಮೊದಲೇ ಕೇಳಿಕೊಳ್ಳಿ.

ಕಲಾಯಿಯವನು ಮತ್ತೆ ಬಂದಾಗ ಲ್ಯಾಬ್ ವರದಿ ತೋರಿಸಿದೆವು. ಅವನು ಬೆಚ್ಚಿಬಿದ್ದ. ಒಂದು ಗುಜರಿ ಅಂಗಡಿಯಲ್ಲಿ ತವರ ಎಂದೇ ದುಡ್ಡು ಕೊಟ್ಟು ತಂದಿದ್ದನಂತೆ. ಹಳೆಯ ಬೆಸುಗೆಗಳನ್ನು ಕರಗಿಸಿ ಕಡ್ಡಿ ಹೊಯ್ದು ಮಾರುವ ಆ ಅಂಗಡಿಯವನ ಮೇಲೆಯೇ ನನಗೆ ಸಿಟ್ಟು. ಕಲಾಯಿಯವನು ದಿನವಿಡೀ ಆ ಬೂದಿಯ ಪಕ್ಕದಲ್ಲೇ ಕೂತು, ಅದೇ ಕೈಯಲ್ಲಿ ಊಟ ಮಾಡುತ್ತಾನೆ. ನಮಗಿಂತ ಜಾಸ್ತಿ ಅಪಾಯ ಅವನಿಗೇ.

ಈಗ ನಿಮ್ಮ ಮನೆಯಲ್ಲಿ ಅನುಮಾನದ ಕಲಾಯಿ ಪಾತ್ರೆ ಇದ್ದರೆ, ಇವತ್ತೇ ಅದರಲ್ಲಿ ಹುಳಿ, ಸಾರು, ಮಜ್ಜಿಗೆ, ಉಪ್ಪಿನಕಾಯಿ ನಿಲ್ಲಿಸಿ. ಹುಳಿಗೆ ಸೀಸ ಕರಗಿ ಊಟಕ್ಕೆ ಇಳಿಯುತ್ತದೆ. ರುಚಿಯಲ್ಲಿ ಗೊತ್ತಾಗುವುದಿಲ್ಲ. ಕುದಿಸಿದರೆ ಹೋಗುವುದೂ ಇಲ್ಲ. ಮೇಲೆ ಇನ್ನೊಂದು ಸಲ ಒಳ್ಳೆಯ ತವರ ಹಾಕಿಸಿದರೆ ಆಯಿತಲ್ಲ ಅಂತ ಕೇಳಿದವರಿದ್ದಾರೆ. ಆಗುವುದಿಲ್ಲ. ಕಾಯಿಸಿದಾಗ ಕೆಳಗಿನ ಸೀಸ ಕರಗಿ ಹೊಸ ತವರಕ್ಕೆ ಸೇರುತ್ತದೆ. ಮನೆಯಲ್ಲಿ ಉಜ್ಜಿ ಕೆರೆದು ತೆಗೆಯಲೂ ಹೋಗಬೇಡಿ, ಪುಡಿ ಏಳುತ್ತದೆ. ನಾವು ಆ ಪಾತ್ರೆಯನ್ನು ಅಡುಗೆಯಿಂದಲೇ ತೆಗೆದೆವು.

ಮಕ್ಕಳಿದ್ದರೆ, ಬಸುರಿಯರಿದ್ದರೆ ಡಾಕ್ಟರಿಗೆ ಹೇಳಿ ರಕ್ತದಲ್ಲಿ ಸೀಸ ಎಷ್ಟಿದೆ ಎಂದು ಪರೀಕ್ಷೆ ಮಾಡಿಸಿ. ನುಂಗಿದ ಸೀಸವನ್ನು ಪುಟ್ಟ ಮಕ್ಕಳ ಮೈ ದೊಡ್ಡವರಿಗಿಂತ 4–5 ಪಟ್ಟು ಹೀರಿಕೊಳ್ಳುತ್ತದೆ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಇಷ್ಟರವರೆಗೆ ಪರವಾಗಿಲ್ಲ ಅನ್ನುವ ಮಟ್ಟವೇ ಇಲ್ಲ. ಒಂದು ಡೆಸಿಲೀಟರ್ (100 ಮಿಲಿಲೀಟರ್) ರಕ್ತದಲ್ಲಿ 5 ಮೈಕ್ರೋಗ್ರಾಂ ಅಥವಾ ಅದಕ್ಕಿಂತ ಜಾಸ್ತಿ ಇದ್ದರೆ ಸೀಸ ಎಲ್ಲಿಂದ ಬರುತ್ತಿದೆ ಎಂದು ಹುಡುಕಿ ನಿಲ್ಲಿಸಬೇಕು ಎನ್ನುತ್ತದೆ ಅದರ 2021ರ ಮಾರ್ಗಸೂಚಿ. ಅಕ್ಕನ ಮಗುವಿನದು ಅದಕ್ಕಿಂತ ಮೇಲಿತ್ತು. ಪಾತ್ರೆ ಬದಲಿಸಿದ ಮೇಲೆ ಇಳಿಯುತ್ತಾ ಬಂದಿದೆ, ಪರೀಕ್ಷೆ ಇನ್ನೂ ಮುಂದುವರಿದಿದೆ. ಬೆರಳು ಚುಚ್ಚಿ ತೆಗೆದ ರಕ್ತದಲ್ಲಿ ಜಾಸ್ತಿ ಬಂದರೆ ಗಾಬರಿಯಾಗಬೇಡಿ, ಚರ್ಮದ ಮೇಲಿನ ಧೂಳಿನಿಂದಲೂ ಲೆಕ್ಕ ಏರಬಹುದು. ರಕ್ತನಾಳದಿಂದ ತೆಗೆಸಿ ಇನ್ನೊಮ್ಮೆ ಖಚಿತ ಮಾಡಿಕೊಳ್ಳಿ.