ಇಎಸ್‌ಪಿ8266, ಮೊಸ್ಕಿಟೊ, ಪೈಥಾನ್: ಮಲೆನಾಡಿನ ಮಳೆಯಲ್ಲಿ ವರ್ಷಗಟ್ಟಲೆ ಬಳಸಿದ ಮೇಲೆ

ಮನೆಯ ಸೆನ್ಸರ್‌ಗಳನ್ನು ಯಾವುದೇ ಒಂದು ಕಂಪ್ಯೂಟರಿಗೆ ಕಟ್ಟಿಹಾಕಬೇಡಿ. ನಾನು ಹೇಳಬೇಕಿರುವ ಮುಖ್ಯ ಮಾತು ಇದೇ. ಅದಕ್ಕೆ ನಾವು ಹಿಡಿದ ದಾರಿ ಎಂಕ್ಯೂಟಿಟಿ, ಅಂದರೆ ಯಂತ್ರಗಳು ಚಿಕ್ಕ ಚಿಕ್ಕ ಸಂದೇಶ ಕಳಿಸಿಕೊಳ್ಳುವ ಒಂದು ಪದ್ಧತಿ.

ನಮ್ಮದು ಮೂಡಿಗೆರೆ ಕಡೆಯ ಕಾಫಿ ತೋಟದ ಮನೆ. ಗೋದಾಮಿನ ತೇವಾಂಶ, ಅಟ್ಟದ ಉಷ್ಣಾಂಶ, ಟ್ಯಾಂಕಿನ ನೀರಿನ ಮಟ್ಟ, ಇಷ್ಟನ್ನು ಸೆನ್ಸರ್‌ಗಳು ನೋಡುತ್ತವೆ. ಅದನ್ನು ಓದುವ ಕಂಪ್ಯೂಟರ್‌ಗಳು ಮಾತ್ರ ಒಂದೊಂದು ಥರ. ರಾಸ್ಪ್‌ಬೆರಿ ಪೈ ಅನ್ನುವ ಒಂದು ಪುಟ್ಟ ಕಂಪ್ಯೂಟರ್, ಹೆಂಡತಿಯ ವಿಂಡೋಸ್ ಲ್ಯಾಪ್‌ಟಾಪ್, ಉಬುಂಟು ಲಿನಕ್ಸ್ ಇರುವ ಮಗಳ ಹಳೇ ಡೆಸ್ಕ್‌ಟಾಪ್.

ಶುರುವಿನಲ್ಲಿ ಯುಎಸ್‌ಬಿ ಕೇಬಲ್ ಹಾಕಿ, ಪೈಥಾನ್ ಪ್ರೋಗ್ರಾಮಿಂಗ್ ಭಾಷೆಯ ಪೈಸೀರಿಯಲ್ ಲೈಬ್ರರಿಯಿಂದ ಓದುತ್ತಿದ್ದೆವು. ಮೇಜಿನ ಮೇಲಿನ ಪ್ರಯೋಗಕ್ಕೆ ಅದು ಚೆನ್ನಾಗಿದೆ. ಆದರೆ ವಿಂಡೋಸಿನಲ್ಲಿ ಪೋರ್ಟಿನ ಹೆಸರು ಒಂದು, ಲಿನಕ್ಸಿನಲ್ಲಿ ಇನ್ನೊಂದು. ಉಬುಂಟುವಿನಂಥ ಲಿನಕ್ಸಿನಲ್ಲಿ ಬಳಕೆದಾರರನ್ನು ಡಯಲ್‌ಔಟ್ ಅನ್ನುವ ಅನುಮತಿಯ ಗುಂಪಿಗೆ ಸೇರಿಸದಿದ್ದರೆ ಪೋರ್ಟ್ ತೆರೆಯುವುದೇ ಇಲ್ಲ. ಎಲ್ಲಕ್ಕಿಂತ ಹೆಚ್ಚಾಗಿ, ಕೇಬಲ್ ಯಾವ ಕಂಪ್ಯೂಟರಿಗೆ ಸಿಕ್ಕಿಸಿದೆಯೋ ಅದೊಂದಕ್ಕೇ ಸೆನ್ಸರಿನ ಲೆಕ್ಕ, ಅಂದರೆ ಅಳತೆಯ ಅಂಕಿ, ಸಿಗುತ್ತದೆ.

ಎಂಕ್ಯೂಟಿಟಿ ಈ ತೊಂದರೆಯನ್ನು ಬುಡದಿಂದಲೇ ತೆಗೆಯಿತು. 1999ರಲ್ಲಿ ತೈಲದ ಪೈಪ್‌ಲೈನ್‌ಗಳ ಮೇಲೆ ಉಪಗ್ರಹದ ಮೂಲಕ ಕಣ್ಣಿಡಲು ಮಾಡಿದ ವ್ಯವಸ್ಥೆ ಇದು. ಕಡಿಮೆ ಡೇಟಾ, ಆಗಾಗ ಕಡಿದುಹೋಗುವ ಸಂಪರ್ಕ, ಇವೆರಡನ್ನೂ ತಡೆದುಕೊಳ್ಳುವ ಹಾಗೆ ಕಟ್ಟಿದ್ದಾರೆ. ನಮ್ಮೂರಿಗೆ ಹೇಳಿ ಮಾಡಿಸಿದ ಹಾಗಿದೆ, ಅಲ್ವಾ? ಪೈ ಮೇಲೆ ಮೊಸ್ಕಿಟೊ ಅನ್ನುವ ಬ್ರೋಕರ್, ಅಂದರೆ ಸಂದೇಶ ಪಡೆದು ಹಂಚುವ ಪ್ರೋಗ್ರಾಂ, ಓಡುತ್ತದೆ. ಸೆನ್ಸರ್‌ಗಳನ್ನು ಜೋಡಿಸಿದ ಇಎಸ್‌ಪಿ8266 ಅನ್ನುವ ಚಿಕ್ಕ ಬೋರ್ಡುಗಳು ವೈಫೈ ಮೂಲಕ ಅದಕ್ಕೆ ಲೆಕ್ಕ ಕಳಿಸುತ್ತವೆ. ಯಾರು ಓದುತ್ತಾರೆ ಅನ್ನುವುದು ಸೆನ್ಸರಿಗೆ ಗೊತ್ತಿರಬೇಕಾಗಿಯೇ ಇಲ್ಲ. ಎಂಕ್ಯೂಟಿಟಿಗೆಂದೇ ಇರುವ ಪೈಥಾನಿನ ಪಾಹೊ ಲೈಬ್ರರಿ ಹಾಕಿಕೊಂಡರೆ ಒಂದೇ ಪ್ರೋಗ್ರಾಂ ಮೂರೂ ಕಂಪ್ಯೂಟರ್‌ಗಳಲ್ಲಿ ಒಂದಕ್ಷರ ಬದಲಿಸದೆ ಓಡುತ್ತದೆ.

ನನಗೆ ತುಂಬಾ ಹಿಡಿಸಿದ್ದು ಎರಡು ಸೌಲಭ್ಯ. ಒಂದು ರಿಟೇನ್. ಇದನ್ನು ಹಾಕಿ ಕಳಿಸಿದರೆ ಬ್ರೋಕರ್ ಕೊನೆಯ ಲೆಕ್ಕವನ್ನು ಇಟ್ಟುಕೊಂಡಿರುತ್ತದೆ. ಲ್ಯಾಪ್‌ಟಾಪ್ ತೆರೆದ ತಕ್ಷಣ ಟ್ಯಾಂಕಿನ ಮಟ್ಟ ಕಾಣುತ್ತದೆ, ಮುಂದಿನ ಸಂದೇಶಕ್ಕೆ ಕಾಯಬೇಕಿಲ್ಲ. ಇನ್ನೊಂದು ಲಾಸ್ಟ್ ವಿಲ್. ಗೋದಾಮಿನ ಬೋರ್ಡು ಸದ್ದಿಲ್ಲದೆ ನಿಂತುಹೋದರೆ ಬ್ರೋಕರೇ ಆ ಸುದ್ದಿಗೆ ಚಂದಾ ಹಾಕಿದ ಎಲ್ಲರಿಗೂ ತಿಳಿಸುತ್ತದೆ.

ಯಾವ ಲೆಕ್ಕ ಎಲ್ಲಿಯದು ಅಂತ ಗುರುತಿಸುವ ಟಾಪಿಕ್‌ಗಳ ಹೆಸರು ಕನ್ನಡದಲ್ಲೇ ಇಡಬಹುದು. ನಮ್ಮಲ್ಲಿ ‘ಮನೆ/ಗೋದಾಮು/ತೇವಾಂಶ’ ಅಂತಲೇ ಇದೆ. ಆದರೆ ಬೋರ್ಡಿನಲ್ಲಿ ಮೈಕ್ರೋಪೈಥಾನಿನ (ಚಿಕ್ಕ ಬೋರ್ಡುಗಳಿಗೆಂದು ಮಾಡಿದ ಪೈಥಾನ್) ಚಿಕ್ಕ ಎಂಕ್ಯೂಟಿಟಿ ಲೈಬ್ರರಿ ಬಳಸುವವರು ಹೆಸರನ್ನು ಮೊದಲೇ ಎನ್‌ಕೋಡ್ ಮಾಡಿ ಬೈಟ್‌ಗಳಾಗಿ ಕೊಡಬೇಕು. ಆ ಲೈಬ್ರರಿ ಹೆಸರಿನ ಉದ್ದವನ್ನು ಬೈಟ್‌ಗಳಲ್ಲಲ್ಲ, ಅಕ್ಷರದ ಲೆಕ್ಕದಲ್ಲಿ ಎಣಿಸುತ್ತದೆ. ಅಕ್ಷರಗಳನ್ನು ಬೈಟ್‌ಗಳಾಗಿಸುವ ಯುಟಿಎಫ್-8 ಪದ್ಧತಿಯಲ್ಲಿ ಕನ್ನಡದ ಒಂದೊಂದು ಅಕ್ಷರಕ್ಕೂ, ಒಂದೊಂದು ಸ್ವರಚಿಹ್ನೆಗೂ 3 ಬೈಟ್ ಬೇಕು. ಉದ್ದ ತಪ್ಪಿದರೆ ಸಂದೇಶವೇ ಕೆಡುತ್ತದೆ.

ಈಗ ಕಿರಿಕಿರಿಗಳು. ಮೊಸ್ಕಿಟೊ 2.0 ಬಂದ ಮೇಲೆ ಸುಮ್ನೆ ಇನ್‌ಸ್ಟಾಲ್ ಮಾಡಿದರೆ ಅದೇ ಯಂತ್ರದ ಒಳಗಿನ ಸಂಪರ್ಕ ಮಾತ್ರ ತೆರೆದಿರುತ್ತದೆ. ಬೇರೆ ಕಂಪ್ಯೂಟರ್ ಸೇರಬೇಕೆಂದರೆ ಕಾನ್ಫಿಗ್ ಫೈಲಿನಲ್ಲಿ 1883 ಪೋರ್ಟಿಗೆ ಲಿಸನರ್ (ಹೊರಗಿನ ಸಂಪರ್ಕ ಸ್ವೀಕರಿಸುವ ಸಾಲು) ಬರೆದು ಪಾಸ್‌ವರ್ಡ್ ಕೊಡಬೇಕು. ಸುರಕ್ಷತೆಗೆ ಅದು ಒಳ್ಳೆಯದೇ. 2024ರಲ್ಲಿ ಬಂದ ಪಾಹೊ 2.0 ಮಾತ್ರ ಹಳೇ ಪ್ರೋಗ್ರಾಂಗಳನ್ನು ನಿಲ್ಲಿಸಿಬಿಟ್ಟಿತು. ಬ್ರೋಕರಿಗೆ ಸೇರುವ ಕ್ಲೈಂಟ್ ಮಾಡುವಾಗ ಕಾಲ್‌ಬ್ಯಾಕ್ (ಸಂದೇಶ ಬಂದಾಗ, ಸಂಪರ್ಕ ಸಿಕ್ಕಾಗ ಓಡುವ ಭಾಗ) ಆವೃತ್ತಿ ಯಾವುದೆಂದು ಅದರಲ್ಲಿ ಹೇಳಬೇಕಾಯಿತು. ತಿದ್ದುವುದು ಒಂದು ಸಾಲು, ಆದರೆ ಅಂತರ್ಜಾಲದ ಹಳೇ ಪಾಠಗಳೆಲ್ಲ ಹಳೇ ರೀತಿಯಲ್ಲೇ ಇವೆ. ಟಾಪಿಕ್‌ಗೆ ಚಂದಾ ಹಾಕುವ ಸಬ್‌ಸ್ಕ್ರೈಬ್ ಸಾಲನ್ನು, ಸಂಪರ್ಕ ಸಿಕ್ಕಾಗಲೆಲ್ಲ ಓಡುವ ಆನ್-ಕನೆಕ್ಟ್ ಒಳಗೇ ಬರೆಯಿರಿ. ಕರೆಂಟು ಹೋಗಿ ಬಂದಾಗ ಪಾಹೊ ತಾನೇ ಮತ್ತೆ ಸೇರಿಕೊಳ್ಳುತ್ತದೆ, ಆಗ ಚಂದಾ ಕೂಡ ತಾನೇ ಆಗುತ್ತದೆ.

ಸೆನ್ಸರ್‌ಗಳ ವಿಷಯದಲ್ಲಿ, ತೇವಾಂಶ ಅಳೆಯುವ ಡಿಎಚ್‌ಟಿ22 ನಮ್ಮ ಕಡೆಗೆ ಬೇಡ. ಬೇಸಿಗೆಯಲ್ಲಿ ಪರವಾಗಿಲ್ಲ. ಆರಿದ್ರಾ, ಪುನರ್ವಸು ಮಳೆ ಹಿಡಿದು ವಾರಗಟ್ಟಲೆ ಗಾಳಿ ಒದ್ದೆಯಾಗಿಯೇ ಇದ್ದಾಗ ಅದು 99.9 ಶೇಕಡಾಕ್ಕೆ ಹೋಗಿ ಅಲ್ಲೇ ಕೂತಿತು. ಒಂದು ದಿನ ಬಿಸಿಲು ಬಂದರೂ ಇಳಿಯಲಿಲ್ಲ. ಗೋದಾಮಿನಲ್ಲಿ ಇದು ಸಣ್ಣ ವಿಷಯವಲ್ಲ. ಕಣದಲ್ಲಿ ಒಣಗಿಸಿ ಸುಮಾರು 10 ಶೇಕಡಾ ತೇವಕ್ಕೆ ಇಳಿಸಿದ ಪಾರ್ಚ್‌ಮೆಂಟ್ (ಒಳಸಿಪ್ಪೆ ಇರುವ ಕಾಫಿ ಬೀಜ) ಒದ್ದೆ ಗಾಳಿಯಿಂದ ಮತ್ತೆ ತೇವ ಎಳೆದುಕೊಳ್ಳುತ್ತದೆ. ಬಾಗಿಲು ಯಾವಾಗ ತೆರೆಯಬೇಕು, ಯಾವಾಗ ಮುಚ್ಚಬೇಕು ಅಂತ ನಾವು ತೀರ್ಮಾನ ಮಾಡುವುದೇ ಆ ಅಂಕಿ ನೋಡಿ. ಈಗ ಬಿಎಂಇ280 ಅನ್ನುವ ಸೆನ್ಸರ್ ಹಾಕಿದ್ದೇವೆ, ಏರಿಳಿತ ನಂಬುವ ಹಾಗಿದೆ. ಕೊಳ್ಳುವಾಗ ಹುಷಾರು. ಒಂದು ಆನ್‌ಲೈನ್ ಅಂಗಡಿ ಬಿಎಂಇ ಅಂತ ಬರೆದು ಬಿಎಂಪಿ280 ಕಳಿಸಿತ್ತು. ನೋಡಲು ಎರಡೂ ಹೆಚ್ಚುಕಡಿಮೆ ಒಂದೇ ಥರ, ಆದರೆ ಬಿಎಂಪಿಗೆ ತೇವಾಂಶ ಅಳೆಯಲು ಬರುವುದೇ ಇಲ್ಲ. ಪೈಥಾನಿನಲ್ಲಿ ಸೆನ್ಸರಿನ ಗುರುತಿನ ಸಂಖ್ಯೆ ಇರುವ ಹೆಕ್ಸ್ ಡಿ0 ರಿಜಿಸ್ಟರ್ ಓದಿ. ಹೆಕ್ಸ್ 60 ಬಂದರೆ ಬಿಎಂಇ, 58 ಬಂದರೆ ವಾಪಸ್ ಕಳಿಸಿ. ಅಟ್ಟದ ಉಷ್ಣಾಂಶ ಅಳೆಯುವ ಡಿಎಸ್18ಬಿ20 ಬಗ್ಗೆ ದೂರೇ ಇಲ್ಲ. ಪವರ್ ಬಂದ ಕೂಡಲೇ ಕೆಲವೊಮ್ಮೆ 85 ಡಿಗ್ರಿ ತೋರಿಸುತ್ತದೆ, ಆ ಅಂಕಿಯನ್ನು ಪ್ರೋಗ್ರಾಂನಲ್ಲೇ ಬಿಟ್ಟುಬಿಡಬೇಕು.

ಮರ ಬಿದ್ದು ಲೈನ್ ಹೋದರೆ ನಮ್ಮಲ್ಲಿ ಕರೆಂಟು ದಿನಗಟ್ಟಲೆ ಬರುವುದಿಲ್ಲ. ರೂಟರ್ ಮತ್ತು ಪೈ ಎರಡೂ ಇನ್ವರ್ಟರ್ ಲೈನಿನಲ್ಲೇ ಇರಲಿ. ಪೈ ದಿಢೀರ್ ಆರಿದರೆ ಮೆಮೊರಿ ಕಾರ್ಡ್ ಕೆಡುವ ಅಪಾಯ ಜಾಸ್ತಿ. ನಾವು ಎಸ್‌ಎಸ್‌ಡಿಗೆ ಬದಲಾಯಿಸಿದ್ದೇವೆ.

ಒಂದೇ ಕಂಪ್ಯೂಟರ್, ಒಂದೇ ಸೆನ್ಸರ್ ಇರುವವರಿಗೆ ಇಷ್ಟೆಲ್ಲ ಬೇಕಾಗಿಲ್ಲ, ಪೈಸೀರಿಯಲ್ ಸಾಕು. ಮನೆಯಲ್ಲಿ ಎರಡನೇ ಕಂಪ್ಯೂಟರ್ ಬಂದ ದಿನವೇ ಎಂಕ್ಯೂಟಿಟಿಗೆ ಬನ್ನಿ. ನಮಗೆ ಇನ್ನೂ ಬಾಕಿ ಇರುವುದು ತೋಟದ ಮಣ್ಣಿನ ತೇವ. ವೈಫೈ ಅಲ್ಲಿಯವರೆಗೆ ಮುಟ್ಟುವುದಿಲ್ಲ. ಅದಕ್ಕೆ 865ರಿಂದ 867 ಮೆಗಾಹರ್ಟ್ಸ್‌ನ ಲೋರಾ, ಅಂದರೆ ದೂರಕ್ಕೆ ಮುಟ್ಟುವ ರೇಡಿಯೋ, ನೋಡುತ್ತಿದ್ದೇವೆ, ಕಾಫಿ ಹೂ ಅರಳಿಸುವ ಹೂಮಳೆಗೆ ಮೊದಲು ಹಾಕಬೇಕು. ಲೋರಾದಿಂದ ಬರುವ ಲೆಕ್ಕವೂ ಇದೇ ಮೊಸ್ಕಿಟೊಗೆ ಬಂದು ಸೇರುತ್ತದೆ. ಲ್ಯಾಪ್‌ಟಾಪಿನ ಪ್ರೋಗ್ರಾಂಗೆ ಹೊಸ ಟಾಪಿಕ್‌ನ ಹೆಸರು ಸೇರಿಸಿದರೆ ಆಯಿತು.