ಆರ್‌ಪಿಎಫ್ ಅರ್ಜಿಯಲ್ಲಿ ‘ಒಬಿಸಿ’ ಎಂದು ತುಂಬುವ ಮುನ್ನ

ರೈಲ್ವೆ ರಕ್ಷಣಾ ಪಡೆಗೆ (ಆರ್‌ಪಿಎಫ್) ಅರ್ಜಿ ಹಾಕುವ ಇತರ ಹಿಂದುಳಿದ ವರ್ಗದ (ಒಬಿಸಿ) ಹುಡುಗರಿಗಾಗಿ, ಅವರಿಗಿಂತ ಹೆಚ್ಚಾಗಿ ಅವರ ಅರ್ಜಿ ತುಂಬಿಸಲು ಜೊತೆಗೆ ಹೋಗುವ ನನ್ನಂಥ ಅಣ್ಣಂದಿರಿಗಾಗಿ ಇದನ್ನು ಬರೆಯುತ್ತಿದ್ದೇನೆ. ನನ್ನ ತಮ್ಮ ಲಿಖಿತ ಪರೀಕ್ಷೆಯಲ್ಲಿ ಸೋಲಲಿಲ್ಲ, ಓಟದಲ್ಲೂ ಸೋಲಲಿಲ್ಲ. ಒಂದು ಹಾಳೆಯಿಂದಾಗಿ ಹೊರಬಿದ್ದ.

2024ರ ಅಧಿಸೂಚನೆಯಲ್ಲಿ 4,208 ಕಾನ್‌ಸ್ಟೆಬಲ್ ಹುದ್ದೆಗಳಿದ್ದವು. ವಿದ್ಯಾರ್ಹತೆ ಎಸ್ಸೆಸ್ಸೆಲ್ಸಿ, ವಯಸ್ಸು ಆ ವರ್ಷದ ಜುಲೈ 1ಕ್ಕೆ 18ರಿಂದ 28, ಒಬಿಸಿ ಅಭ್ಯರ್ಥಿಗಳಿಗೆ 3 ವರ್ಷದ ಸಡಿಲಿಕೆ. ತಮ್ಮ ಹುಟ್ಟಿದ್ದು 1995ರಲ್ಲಿ, ಅಂದರೆ ಆ ಸಡಿಲಿಕೆ ಸಿಕ್ಕರೆ ಮಾತ್ರ ಅವನು ಅರ್ಹ. ನಮ್ಮದು ರಾಜ್ಯದ ಹಿಂದುಳಿದ ವರ್ಗಗಳ ಪಟ್ಟಿಯಲ್ಲಿ ಪ್ರವರ್ಗ 2ಎ. ಸೈಬರ್ ಸೆಂಟರಿನವರು ‘ಟು ಎ ಅಂದ್ರೆ ಒಬಿಸಿನೇ ಅಲ್ವಾ ಸಾರ್’ ಎನ್ನುತ್ತಲೇ ಒಬಿಸಿ ಎಂದು ಆರಿಸಿದರು. ಮನೆಯಲ್ಲಿದ್ದ ಜಾತಿ–ಆದಾಯ ಪ್ರಮಾಣಪತ್ರದ ಅವಧಿ ಇನ್ನೂ ಮುಗಿದಿರಲಿಲ್ಲವಾದ್ದರಿಂದ ನಾನೂ ತಲೆಯಾಡಿಸಿದೆ. ಅಧಿಸೂಚನೆಯ ಕೊನೆಯ ಪುಟಗಳಲ್ಲಿದ್ದ ನಮೂನೆಗಳನ್ನು ಇಬ್ಬರೂ ತೆರೆದು ನೋಡಲಿಲ್ಲ.

90 ನಿಮಿಷದಲ್ಲಿ 120 ಪ್ರಶ್ನೆ, ಪ್ರತಿ ತಪ್ಪಿಗೆ ಅಂಕದ ಮೂರನೇ ಒಂದು ಭಾಗ ಕಡಿತ. ಅದನ್ನು ಅವನು ಕನ್ನಡದಲ್ಲೇ ಬರೆದು ಪಾಸಾದ. 1,600 ಮೀಟರ್ ಓಟವನ್ನು 5 ನಿಮಿಷ 45 ಸೆಕೆಂಡಿನೊಳಗೆ ಮುಗಿಸಬೇಕಿತ್ತು. ಊರಿನ ಕೆರೆ ಏರಿಯ ಮೇಲೆ ತಿಂಗಳುಗಟ್ಟಲೆ ನಸುಕಿನಲ್ಲಿ ಓಡಿದ್ದ ಅವನಿಗೆ ಅದು ಕಷ್ಟವಾಗಲಿಲ್ಲ.

ದಾಖಲೆ ಪರಿಶೀಲನೆಯ ಮೇಜಿನ ಮುಂದೆ ನಡೆದದ್ದನ್ನು ಅವನು ಇಂದಿಗೂ ಅರ್ಧಕ್ಕೇ ನಿಲ್ಲಿಸುತ್ತಾನೆ. ಅಧಿಕಾರಿಯ ಬೆರಳು ‘ಪ್ರವರ್ಗ 2ಎ’ ಎಂಬ ಅಕ್ಷರಗಳ ಮೇಲೆ ನಿಂತಿತಂತೆ. ಹಾಳೆಯನ್ನು ತಿರುಗಿಸಿ ಹಿಂಬದಿಯನ್ನೂ ನೋಡಿದರಂತೆ, ಅಲ್ಲಿ ಏನೂ ಇರಲಿಲ್ಲ. ಕೇಂದ್ರದ ನಮೂನೆಯ ಒಬಿಸಿ ಪ್ರಮಾಣಪತ್ರ ಇಲ್ಲದವರನ್ನು ಸಾಮಾನ್ಯ ವರ್ಗದವರೆಂದೇ ಪರಿಗಣಿಸುತ್ತಾರೆ, ಸಾಮಾನ್ಯ ವರ್ಗದಲ್ಲಿ ಅವನ ವಯಸ್ಸು ಮೀರಿತ್ತು. ಅಧಿಕಾರಿಯನ್ನು ದೂರಲು ನನಗೆ ಕಾರಣ ಕಾಣುವುದಿಲ್ಲ.

ನಮ್ಮ ಗೊಂದಲದ ಮೂಲ ಪ್ಲಾಟ್‌ಫಾರ್ಮಿನಲ್ಲೇ ಇದೆ ಎನ್ನಬೇಕು. ಅಲ್ಲಿ ಕಾಣುವ ಖಾಕಿಗಳಲ್ಲಿ ರೈಲ್ವೆ ಪೊಲೀಸರು ರಾಜ್ಯ ಸರ್ಕಾರದವರು, ಅವರ ನೇಮಕಾತಿಗೆ ರಾಜ್ಯದ ಪ್ರವರ್ಗಗಳೇ ಅನ್ವಯಿಸುತ್ತವೆ. ಆರ್‌ಪಿಎಫ್ 1957ರ ಕಾಯ್ದೆಯಡಿ ರಚನೆಯಾದ, ರೈಲ್ವೆ ಸಚಿವಾಲಯದ ಅಧೀನದಲ್ಲಿರುವ ಕೇಂದ್ರದ ಪಡೆ. ಅದಕ್ಕೆ 2ಎ, 3ಬಿ ಎಂಬ ವಿಂಗಡಣೆಯೇ ಗೊತ್ತಿಲ್ಲ, ಅಲ್ಲಿರುವುದು ಕೆನೆಪದರಕ್ಕೆ, ಅಂದರೆ ಹಿಂದುಳಿದ ವರ್ಗದೊಳಗಿನ ಅನುಕೂಲಸ್ಥರ ಸಾಲಿಗೆ, ಸೇರದ ಒಬಿಸಿ ಎಂಬ ಒಂದೇ ಗುಂಪು.

ಆದ್ದರಿಂದ ಮೊದಲು ನಿಮ್ಮ ಜಾತಿ ಕೇಂದ್ರದ ಒಬಿಸಿ ಪಟ್ಟಿಯಲ್ಲಿ ಕರ್ನಾಟಕದ ಹೆಸರಿನಡಿ ಇದೆಯೇ ಎಂದು ನೋಡಿ, ಏಕೆಂದರೆ ರಾಜ್ಯದ ಪಟ್ಟಿಯಲ್ಲಿರುವ ಎಲ್ಲ ಜಾತಿಗಳೂ ಅಲ್ಲಿಲ್ಲ. ಇದ್ದರೆ, ಅರ್ಜಿ ತುಂಬುವ ಮೊದಲೇ ನಾಡಕಚೇರಿಯಲ್ಲಿ ‘ಕೇಂದ್ರ ಸರ್ಕಾರದ ಉದ್ಯೋಗಕ್ಕೆ’ ಎಂದು ಸ್ಪಷ್ಟವಾಗಿ ಹೇಳಿ ತಹಶೀಲ್ದಾರರ ಪ್ರಮಾಣಪತ್ರ ಪಡೆಯಿರಿ, ಕೈಗೆ ಬಂದ ಮೇಲೆ ಅದನ್ನು ಅಧಿಸೂಚನೆಯ ನಮೂನೆಯೊಂದಿಗೆ, ದಿನಾಂಕವನ್ನೂ ಬಿಡದೆ, ಸಾಲು ಸಾಲಾಗಿ ಹೋಲಿಸಿ. ನನ್ನ ತಮ್ಮನೂ ಆಮೇಲೆ ಹೋಗಿ ಅದನ್ನು ಮಾಡಿಸಿಕೊಂಡ. ಅಷ್ಟರಲ್ಲಿ ಅವನಿಗೆ ಸಡಿಲಿಕೆಯ ವಯಸ್ಸೂ ಮುಗಿಯುತ್ತ ಬಂದಿತ್ತು.